ಒಂದೇ ಸುಳಿ, ಎರಡು ಹುಳು: ಬೆಳೆಯ ಮೇಲೆ ಕೀಟಗಳು ತಮ್ಮೊಳಗೇ ನಡೆಸುವ ಪೈಪೋಟಿ

ಕಳೆದ ಮುಂಗಾರಿನಲ್ಲಿ ಬೈಲಹೊಂಗಲದ ಕಡೆ ಒಂದು ಗೋವಿನಜೋಳದ ಹೊಲದಲ್ಲಿ ನಿಂತಿದ್ದೆ. ಬಿತ್ತಿ ಇಪ್ಪತ್ತೈದು ದಿನ ಆಗಿತ್ತು. ಹೊಲದ ಯಜಮಾನರು ಒಂದು ಗಿಡದ ಸುಳಿಯನ್ನು ಎರಡೂ ಹೆಬ್ಬೆರಳಿನಿಂದ ಬಿಡಿಸಿ ತೋರಿಸಿದರು. ಒಳಗೆ ಒದ್ದೆ ಕಟ್ಟಿಗೆ ಪುಡಿಯಂಥ ಲದ್ದಿ ತುಂಬಿತ್ತು. ಅದನ್ನು ಕಡ್ಡಿಯಿಂದ ಸರಿಸಿದಾಗ ಬೂದುಗಂದು ಬಣ್ಣದ ಹುಳು ಮುದುಡಿಕೊಂಡಿತು.

"ಇದು ಬಂದು ಆರೇಳು ವರ್ಷ ಆತ್ರೀ. ಮೊದಲ ಆ ಕಾಂಡ ಕೊರಿಯೋ ಹುಳ ಬರ್ತಿತ್ತಲ್ರೀ, ಸುಳಿ ಒಣಗಸ್ತಿತ್ತು. ಅದು ಈಗ ಎಲ್ಲಿ ಹೋತು?" ಎಂದು ಕೇಳಿದರು.

ಬಹಳ ಒಳ್ಳೆಯ ಪ್ರಶ್ನೆ. ನಾವು ಸಾಮಾನ್ಯವಾಗಿ ಒಂದು ಹುಳು, ಒಂದು ಔಷಧ ಎಂದು ಯೋಚಿಸುತ್ತೇವೆ. ಆದರೆ ಒಂದು ಗಿಡದ ಮೇಲೆ ಯಾವಾಗಲೂ ನಾಲ್ಕಾರು ಬಗೆಯ ಹುಳುಗಳಿರುತ್ತವೆ. ಅವೆಲ್ಲ ಸೇರಿ ನಮ್ಮ ಬೆಳೆ ತಿನ್ನುತ್ತಿವೆ ಅಂತ ನಮಗನಿಸುತ್ತದೆ. ಹತ್ತಿರದಿಂದ ನೋಡಿದರೆ ಅವು ಒಂದಕ್ಕೊಂದು ಅಡ್ಡ ಬರುತ್ತಿರುತ್ತವೆ. ಒಂದನ್ನು ತೆಗೆದರೆ ಇನ್ನೊಂದಕ್ಕೆ ಜಾಗ ಸಿಗುತ್ತದೆ. ಇದನ್ನು ತಿಳಿಯದೆ ಔಷಧ ಹೊಡೆದರೆ ಎಷ್ಟೋ ಸಲ ದುಡ್ಡು ಹೋಗುತ್ತದೆ, ಹುಳು ಮಾತ್ರ ಹೆಸರು ಬದಲಿಸಿಕೊಂಡು ಮತ್ತೆ ಬರುತ್ತದೆ.

## ಮೊದಲು ಇಬ್ಬರ ಗುರುತು

ಸುಳಿಯಲ್ಲಿ ಸಿಕ್ಕಿದ್ದು ಫಾಲ್ ಸೈನಿಕ ಹುಳು. ಇದರ ಮೂಲ ಅಮೆರಿಕ ಖಂಡ. 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿತು. 2018ರ ಮೇ ತಿಂಗಳಲ್ಲಿ ನಮ್ಮ ಶಿವಮೊಗ್ಗದ ಗೋವಿನಜೋಳದಲ್ಲಿ ಸಿಕ್ಕಿತು. ಭಾರತದಲ್ಲಿ ಅದೇ ಮೊದಲು. ಚಿಟ್ಟೆ ಒಂದು ರಾತ್ರಿಯಲ್ಲಿ ನೂರು ಕಿಲೋಮೀಟರ್ ಹಾರಬಲ್ಲದು, ಹಾಗಾಗಿ ದೇಶವೆಲ್ಲ ಹರಡಲು ಹೆಚ್ಚು ಕಾಲ ಬೇಕಾಗಲಿಲ್ಲ. ಗುರುತು ಸುಲಭ. ತಲೆಯ ಮೇಲೆ ತಿರುಗುಮುರುಗಾದ ಇಂಗ್ಲಿಷ್ 'ವೈ' ಅಕ್ಷರದಂಥ ಬಿಳಿ ಗೆರೆ, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ನಮ್ಮಲ್ಲಿ ಮೊದಲಿನಿಂದಲೂ ಇನ್ನೊಂದು ಸೈನಿಕ ಹುಳು ಇದೆ. ಎರಡನ್ನೂ ಜನ ಲದ್ದಿ ಹುಳ ಎಂದೇ ಕರೆಯುವುದರಿಂದ ಗೊಂದಲ ಆಗುತ್ತದೆ. ನಾಲ್ಕು ಚುಕ್ಕೆ ನೋಡಿಕೊಂಡರೆ ಗೊಂದಲ ಇರುವುದಿಲ್ಲ.

ಯಜಮಾನರು ಕೇಳಿದ ಹಳೆಯ ಹುಳು ಚುಕ್ಕೆ ಕಾಂಡಕೊರಕ. ಇದು ಏಷ್ಯಾದ್ದೇ. ಬಿಳಿಜೋಳಕ್ಕೂ ಬರುತ್ತದೆ, ಗೋವಿನಜೋಳಕ್ಕೂ ಬರುತ್ತದೆ. ಮರಿ ಇದ್ದಾಗ ಸುಳಿಯ ಎಲೆ ಕೆರೆದು ತಿನ್ನುತ್ತದೆ. ಎಲೆ ಬಿಚ್ಚಿಕೊಂಡಾಗ ಗುಂಡುಸೂಜಿಯಿಂದ ಚುಚ್ಚಿದಂತೆ ತೂತುಗಳು ಸಾಲಾಗಿ ಕಾಣುತ್ತವೆ. ಸ್ವಲ್ಪ ಬಲಿತ ಮೇಲೆ ಕಾಂಡದೊಳಗೆ ಇಳಿಯುತ್ತದೆ. ಎಳೆಯ ಗಿಡದಲ್ಲಿ ಸುಳಿ ಒಣಗುತ್ತದೆ, ಹಿಡಿದು ಎಳೆದರೆ ಸಲೀಸಾಗಿ ಕಿತ್ತು ಬರುತ್ತದೆ.

ಎರಡರ ಬದುಕೂ ಶುರುವಾಗುವುದು ಒಂದೇ ಕಡೆ, ಅಂದರೆ ಸುಳಿಯ ಎಳೆಯ ಎಲೆಯಲ್ಲಿ. ಜಗಳ ಶುರುವಾಗುವುದೂ ಅಲ್ಲಿಯೇ. ಕೀಟ ಬದುಕುವ, ತಿನ್ನುವ, ಮೊಟ್ಟೆ ಇಡುವ ಗಿಡವನ್ನು ಅದರ ಆಸರೆ ಗಿಡ ಎನ್ನುತ್ತಾರೆ. ಆಸರೆ ಒಂದೇ ಆದಾಗ ಪೈಪೋಟಿ ಹುಟ್ಟುತ್ತದೆ.

## ಪಂಕ್ತಿಯ ಊಟ, ಬಸ್ಸಿನ ಸೀಟು

ಪೈಪೋಟಿ ಎಂದರೆ ಯಾವಾಗಲೂ ಹೊಡೆದಾಟ ಅಲ್ಲ. ಮದುವೆ ಮನೆಯ ಪಂಕ್ತಿ ನೆನಪಿಸಿಕೊಳ್ಳಿ. ಮೊದಲ ಪಂಕ್ತಿಯವರು ಯಾರ ಮೈ ಮುಟ್ಟುವುದಿಲ್ಲ, ಯಾರಿಗೂ ಒಂದು ಮಾತು ಅನ್ನುವುದಿಲ್ಲ. ಸುಮ್ನೆ ಕೂತು ಉಣ್ಣುತ್ತಾರೆ. ಆದರೂ ಕೊನೆಯ ಪಂಕ್ತಿಗೆ ಹೋಳಿಗೆ ಇರುವುದಿಲ್ಲ. ಬೇಗ ತಿನ್ನುವ ಹುಳು ನಿಧಾನಕ್ಕೆ ತಿನ್ನುವ ಹುಳುವಿಗೆ ಮಾಡುವುದೂ ಇದನ್ನೇ.

ಎರಡನೆಯದು ನೇರವಾಗಿ ಮೈಮೇಲೆ ಬೀಳುವುದು. ಸೈನಿಕ ಹುಳುವಿನಲ್ಲಿ ಇದು ಎದ್ದು ಕಾಣುತ್ತದೆ. ಒಂದು ಚಿಟ್ಟೆ ಒಂದೇ ಗುಂಪಿನಲ್ಲಿ ನೂರರಿಂದ ಇನ್ನೂರು ಮೊಟ್ಟೆ ಇಡುತ್ತದೆ. ಮರಿಗಳು ಸಣ್ಣವಿದ್ದಾಗ ರೇಷ್ಮೆಯಂಥ ಎಳೆ ಬಿಟ್ಟು ಗಾಳಿಗೆ ತೂಗಾಡಿ ಅಕ್ಕಪಕ್ಕದ ಗಿಡಕ್ಕೆ ಹೋಗುತ್ತವೆ. ಒಂದೇ ಸುಳಿಯಲ್ಲಿ ಹಲವು ಉಳಿದರೆ, ಬಲಿಯುತ್ತಾ ದೊಡ್ಡದು ಸಣ್ಣದನ್ನು ತಿಂದುಹಾಕುತ್ತದೆ. ಅದಕ್ಕೇ ದೊಡ್ಡ ಹುಳು ಸಾಮಾನ್ಯವಾಗಿ ಸುಳಿಗೊಂದೇ, ಹೆಚ್ಚೆಂದರೆ ಎರಡು ಸಿಗುತ್ತದೆ. ಅವತ್ತು ನಾವು ಹತ್ತು ಸುಳಿ ಬಿಡಿಸಿದೆವು, ಯಾವುದರಲ್ಲೂ ಎರಡು ದೊಡ್ಡವು ಇರಲಿಲ್ಲ. ತನ್ನ ಒಡಹುಟ್ಟನ್ನೇ ಬಿಡದ ಹುಳು ಬೇರೆ ಜಾತಿಯ ಮೆತ್ತನೆಯ ಮರಿ ಎದುರಾದರೆ ಬಿಡುತ್ತದೆಯೇ? ಪೂರ್ವ ಆಫ್ರಿಕಾದ ಸಂಶೋಧಕರು ಸೈನಿಕ ಹುಳು ಮತ್ತು ಕಾಂಡಕೊರಕಗಳನ್ನು ಒಟ್ಟಿಗೆ ಸಾಕಿ ನೋಡಿದ್ದಾರೆ. ಬೇರೆ ಬೇರೆ ಇದ್ದಾಗಿನಷ್ಟು ಮರಿಗಳು ಒಟ್ಟಿಗಿದ್ದಾಗ ಉಳಿಯುವುದಿಲ್ಲ.

ಮೂರನೆಯದು, ಯಾರು ಮೊದಲು ಬಂದರು ಅನ್ನುವುದು. ಬೆಳಗಾವಿ ಬಸ್ ನಿಲ್ದಾಣದಲ್ಲಿ ಸಂಜೆ ಗೋಕಾಕದ ಬಸ್ಸು ಬಂದು ನಿಲ್ಲುವುದೇ ತಡ, ಕಿಟಕಿಯಿಂದ ಟವೆಲ್ ಒಳಗೆ ಬೀಳುತ್ತದೆ. ಆಮೇಲೆ ಹತ್ತಿದವರು ಎಷ್ಟೇ ಗಟ್ಟಿಗರಿದ್ದರೂ ನಿಂತೇ ಹೋಗಬೇಕು. ಹುಳುಗಳಲ್ಲೂ ಅಷ್ಟೇ. ನಾಲ್ಕು ದಿನ ಮೊದಲು ಮೊಟ್ಟೆಯೊಡೆದ ಮರಿ ದೊಡ್ಡದಾಗಿರುತ್ತದೆ. ತಡವಾಗಿ ಬಂದದ್ದಕ್ಕೆ ಸುಳಿಯೂ ಇಲ್ಲ, ಜೀವಕ್ಕೆ ಭರವಸೆಯೂ ಇಲ್ಲ.

## ಹಾಗಾದರೆ ಸೋತವರು ಪೂರ್ತಿ ಮಾಯವಾಗುತ್ತಾರಾ?

ಈ ಪ್ರಶ್ನೆಗೆ ಒಂದು ಹಳೆಯ ಪ್ರಯೋಗ ದಾರಿ ತೋರಿಸುತ್ತದೆ. 1930ರ ದಶಕದಲ್ಲಿ ರಷ್ಯಾದ ವಿಜ್ಞಾನಿ ಗೌಸ್ ಗಾಜಿನ ಕೊಳವೆಗಳಲ್ಲಿ ಪ್ಯಾರಮೀಸಿಯಂ ಎಂಬ ಕಣ್ಣಿಗೆ ಕಾಣದ ಜೀವಿಗಳನ್ನು ಬೆಳೆಸಿದರು. ಎರಡು ಜಾತಿಗಳನ್ನು ಬೇರೆ ಬೇರೆ ಇಟ್ಟಾಗ ಎರಡೂ ಚೆನ್ನಾಗಿ ಬೆಳೆದವು. ಒಂದೇ ಕೊಳವೆಯಲ್ಲಿ, ಒಂದೇ ಆಹಾರ ಕೊಟ್ಟು ಇಟ್ಟಾಗ ಒಂದು ಜಾತಿ ಕ್ರಮೇಣ ಪೂರ್ತಿ ಇಲ್ಲವಾಯಿತು. ಆಮೇಲೆ ಮೂರನೆಯ ಜಾತಿಯನ್ನು ತಂದು ಸೋತಿದ್ದ ಜಾತಿಯ ಜೊತೆ ಬಿಟ್ಟರು. ಈ ಸಲ ಎರಡೂ ಉಳಿದವು. ಯಾಕೆ? ಒಂದು ಕೊಳವೆಯ ಮೇಲ್ಭಾಗದಲ್ಲಿ ತಿನ್ನುತ್ತಿತ್ತು, ಇನ್ನೊಂದು ತಳದಲ್ಲಿ.

ಎಲ್ಲವೂ ಒಂದೇ ಆದರೆ ಒಬ್ಬರು ಹೋಗಬೇಕು. ಜಾಗ, ಹೊತ್ತು, ಊಟ ಇವುಗಳಲ್ಲಿ ಯಾವುದಾದರೂ ಒಂದನ್ನು ಹಂಚಿಕೊಂಡರೆ ಇಬ್ಬರೂ ಇರಬಹುದು. ಅಣ್ಣತಮ್ಮಂದಿರು ಪಾಲಾದ ಮೇಲೆ ಒಂದೇ ಮನೆಯಲ್ಲಿ ನಡುವೆ ಗೋಡೆ ಕಟ್ಟಿಕೊಂಡು ಬಾಳುವುದಿಲ್ಲವೇ, ಹಾಗೆ.

ವಿಜಯಪುರದ ತೊಗರಿ ಹೊಲದಲ್ಲಿ ಈ ಪಾಲು ಚೆನ್ನಾಗಿ ಕಾಣುತ್ತದೆ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋದಾಗ ಒಂದಷ್ಟು ಕಾಯಿ ಕಿತ್ತು ನೋಡಿ. ದೊಡ್ಡ ದುಂಡನೆಯ ತೂತು ಇದ್ದರೆ ಅದು ಹಸಿರು ಕಾಯಿಕೊರಕದ ಕೆಲಸ. ತಲೆ ಕಾಯಿಯೊಳಗೆ, ಅರ್ಧ ಮೈ ಹೊರಗೆ ಇಟ್ಟುಕೊಂಡು ತಿನ್ನುತ್ತದೆ. ಹೂ, ಮೊಗ್ಗು, ಎಲೆ ಸೇರಿಸಿ ಬಲೆ ಕಟ್ಟಿದಂತೆ ಮುದ್ದೆಯಾಗಿದ್ದರೆ ಅದರೊಳಗಿರುವುದು ಚುಕ್ಕೆ ಕಾಯಿಕೊರಕ. ಇನ್ನು ಕೆಲವು ಕಾಯಿ ಹೊರಗಿನಿಂದ ನೋಡಲು ಚೆನ್ನಾಗಿಯೇ ಇರುತ್ತವೆ. ಸಿಪ್ಪೆ ಸುಲಿದರೆ ಕಾಳಿನ ಮೇಲೆ ಗೀರು ಎಳೆದಂತೆ ತಿಂದಿರುವ ಗುರುತು, ಪಕ್ಕದಲ್ಲಿ ಕಾಲಿಲ್ಲದ ಬಿಳಿ ಮರಿ. ಅದು ಕಾಯಿ ನೊಣದ್ದು. ಒಬ್ಬರು ಹೊರಗಿನಿಂದ, ಒಬ್ಬರು ಬಲೆಯೊಳಗಿನಿಂದ, ಒಬ್ಬರು ಕಾಯಿಯೊಳಗೇ ಹುಟ್ಟಿ ಬೆಳೆದು. ಮೂವರದ್ದೂ ಒಂದೇ ತೊಗರಿ, ಆದರೆ ಉಣ್ಣುವ ರೀತಿ ಬೇರೆ.

ತೊಗರಿ ಗಿಡ ಅಲುಗಾಡಿಸಿ ತಾಡಪತ್ರಿಯ ಮೇಲೆ ಹುಳು ಉದುರಿಸುವ ಪದ್ಧತಿ ನಮ್ಮ ಕಡೆ ಇದೆ, ಅಲ್ವಾ? ಅದರಲ್ಲಿ ಬೀಳುವುದು ಮುಖ್ಯವಾಗಿ ಹಸಿರು ಕಾಯಿಕೊರಕ. ಕಾಯಿಯೊಳಗೆ ಕೂತ ನೊಣದ ಮರಿಗೆ ಇದು ಗೊತ್ತೇ ಆಗುವುದಿಲ್ಲ. ಪದ್ಧತಿ ಒಳ್ಳೆಯದೇ. ಯಾವ ಹುಳುವಿಗೆ ಅನ್ನುವುದು ಗೊತ್ತಿದ್ದರೆ ಸಾಕು.

## ಹತ್ತಿ ಹೇಳುವ ಕಥೆ: ಗಿಡವೇ ನಡುವಿನವನು

ಇಲ್ಲಿಂದ ವಿಷಯ ಸ್ವಲ್ಪ ಆಳಕ್ಕೆ ಹೋಗುತ್ತದೆ. ಎರಡು ಹುಳುಗಳು ಒಂದರ ಮುಖ ಒಂದು ನೋಡದೆಯೂ ಪೈಪೋಟಿ ಮಾಡಬಹುದು, ಗಿಡದ ಮೂಲಕ.

ಹತ್ತಿಯ ಎಲೆಯೊಂದನ್ನು ಕಿತ್ತು ಬಿಸಿಲಿಗೆ ಹಿಡಿದು ನೋಡಿ. ಸಣ್ಣ ಸಣ್ಣ ಕಪ್ಪು ಚುಕ್ಕೆಗಳು ಕಾಣುತ್ತವೆ. ಅವು ರೋಗವಲ್ಲ, ಗಿಡದ ಮದ್ದಿನ ಡಬ್ಬಿಗಳು. ಕೀಟಗಳಿಗೆ ಒಗ್ಗದ ಕಹಿ ರಸಾಯನ ಅವುಗಳಲ್ಲಿರುತ್ತದೆ. ಕಾಯಿಕೊರಕದ ಮರಿ ಎಲೆ ಕಡಿದಾಗ ಹತ್ತಿ ಗಿಡ ಎಚ್ಚರಗೊಂಡು ಹೊಸ ಎಲೆಗಳಲ್ಲಿ ಈ ಕಹಿಯನ್ನು ಹೆಚ್ಚಿಸುತ್ತದೆ. ಆ ಕಹಿ ಮರಿಹುಳುವಿಗೆ ಮಾತ್ರವಲ್ಲ, ಎಲೆಯ ರಸ ಹೀರುವ ಹೇನಿಗೂ ತೊಂದರೆ ಕೊಡುತ್ತದೆ. ಕಡಿದದ್ದು ಒಬ್ಬರು, ಕಹಿ ಉಂಡದ್ದು ಇನ್ನೊಬ್ಬರು.

ಈಗ ಬಿಟಿ ಹತ್ತಿಗೆ ಬನ್ನಿ. ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾದ ಗುಣವನ್ನು ಗಿಡದೊಳಗೆ ಸೇರಿಸಿ, ಕಾಯಿಕೊರಕಗಳಿಗೆ ವಿಷವಾಗುವ ಪ್ರೋಟೀನನ್ನು ಗಿಡವೇ ತಯಾರಿಸುವಂತೆ ಮಾಡಿದ ತಳಿ ಅದು. ಭಾರತದಲ್ಲಿ 2002ರಲ್ಲಿ ಬಂತು. ಹಸಿರು ಕಾಯಿಕೊರಕದ ಕಾಟ ತಗ್ಗಿತು. ಆದರೆ ರಸ ಹೀರುವ ಹೇನು, ಜಿಗಿಹುಳು, ಥ್ರಿಪ್ಸ್, ತಿಗಣೆಗಳಿಗೆ ಆ ಪ್ರೋಟೀನ್ ತಾಗುವುದಿಲ್ಲ. 2013ರಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕರು ಒಂದು ಸೊಗಸಾದ ವಿಷಯ ತೋರಿಸಿದರು. ಬಿಟಿ ಗಿಡವನ್ನು ಮರಿಹುಳು ಹೆಚ್ಚು ಕಡಿಯುವುದಿಲ್ಲ. ಕಡಿಯದ ಕಾರಣ ಗಿಡ ಕಹಿಯನ್ನು ಹೆಚ್ಚಿಸುವುದಿಲ್ಲ. ಕಹಿ ಕಡಿಮೆ ಇದ್ದಲ್ಲಿ ಹೇನು ಚೆನ್ನಾಗಿ ಬೆಳೆಯುತ್ತದೆ. ಹೇನಿಗೆ ಅಡ್ಡಿಯಾಗಿದ್ದ ಪೈಪೋಟಿದಾರ ಹೋದ, ಹೇನಿಗೆ ಅನುಕೂಲ ಆಯಿತು. ಇದಕ್ಕೆ ಪೈಪೋಟಿಯಿಂದ ಬಿಡುಗಡೆ ಎನ್ನಬಹುದು.

ಹಾಗಂತ ಎಲ್ಲವನ್ನೂ ಇದರ ತಲೆಗೆ ಕಟ್ಟುವುದು ಸರಿಯಲ್ಲ. ಚೀನಾದಲ್ಲಿ ಬಿಟಿ ಹತ್ತಿ ಬಂದ ಮೇಲೆ ಮಿರಿಡ್ ತಿಗಣೆಗಳು ಜೋರಾಗಿ ಹೆಚ್ಚಿದವು. 2010ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಕೊಟ್ಟ ಮುಖ್ಯ ಕಾರಣ, ಕಾಯಿಕೊರಕಕ್ಕೆಂದು ಮೊದಲು ಹೊಡೆಯುತ್ತಿದ್ದ ಔಷಧ ಕಡಿಮೆಯಾದದ್ದು. ಆ ಔಷಧದಲ್ಲಿ ತಿಗಣೆಯೂ ಸಾಯುತ್ತಿತ್ತು. ಕರ್ನಾಟಕದ ಹತ್ತಿಯಲ್ಲೂ 2005ರ ಆಸುಪಾಸಿನಲ್ಲಿ ಮಿರಿಡ್ ತಿಗಣೆ ಸುದ್ದಿಯಾಗಿತ್ತು. ಇನ್ನು ಗುಲಾಬಿ ಕಾಯಿಕೊರಕ ಮತ್ತೆ ತಲೆಯೆತ್ತಿದ ಕಥೆಯೇ ಬೇರೆ. ಅದು ಬಿಟಿ ವಿಷವನ್ನೇ ತಡೆದುಕೊಳ್ಳುವ ಶಕ್ತಿ ಬೆಳೆಸಿಕೊಂಡಿತು. ಮೂರು ಕೀಟ, ಮೂರು ಕಾರಣ. ಹೊಲದಲ್ಲಿ ನಿಂತವರಿಗೆ ಮೂರೂ "ಮತ್ತೆ ಕೀಡಿ ಹತ್ತೇತಿ" ಎಂದೇ ಕಾಣುವುದರಿಂದ ಬಿಡಿಸಿ ಹೇಳುವುದು ಅಗತ್ಯ ಅನ್ನಿಸಿತು.

## ದ್ರಾಕ್ಷಿ ತೋಟ ಮತ್ತು ಹಂಚಿಕೊಂಡ ಶತ್ರು

ಇನ್ನೊಂದು ಬಗೆಯ ಪೈಪೋಟಿಯಲ್ಲಿ ಊಟದ ಜಗಳವೇ ಇರುವುದಿಲ್ಲ.

ಒಂದು ಓಣಿಯಲ್ಲಿ ಇಲಿ ಜಾಸ್ತಿಯಾದವು ಅಂತಿಟ್ಟುಕೊಳ್ಳಿ. ಬೆಕ್ಕು ಬಂತು, ಇಲಿ ತಿಂದು ಕೊಬ್ಬಿ ಮರಿ ಹಾಕಿತು. ಬೆಕ್ಕುಗಳು ನಾಲ್ಕಾದವು. ಆಮೇಲೆ ಅದೇ ಓಣಿಯ ಗುಬ್ಬಿಗಳು ಕಡಿಮೆಯಾದವು. ಇಲಿಗೂ ಗುಬ್ಬಿಗೂ ಏನೂ ಜಗಳವಿಲ್ಲ. ಆದರೂ ಇಲಿ ಹೆಚ್ಚಿದ್ದರಿಂದ ಗುಬ್ಬಿಗೆ ಕುತ್ತು ಬಂತು.

ಕ್ಯಾಲಿಫೋರ್ನಿಯಾದ ದ್ರಾಕ್ಷಿ ತೋಟಗಳಲ್ಲಿ 1980ರ ದಶಕದಲ್ಲಿ ನಡೆದದ್ದು ಹೀಗೆ. ಅಲ್ಲಿ ಮೊದಲಿನಿಂದ ದ್ರಾಕ್ಷಿಯ ಜಿಗಿಹುಳು ಒಂದಿತ್ತು. ಆಮೇಲೆ ಬಣ್ಣಬಣ್ಣದ ಇನ್ನೊಂದು ಜಿಗಿಹುಳು ಬಂತು. ಎರಡರ ಮೊಟ್ಟೆಯೊಳಗೂ ತನ್ನ ಮೊಟ್ಟೆ ಇಡುವ ಒಂದು ಪುಟಾಣಿ ಕಣಜ ಅಲ್ಲಿದೆ. ಹಳೆಯ ಜಿಗಿಹುಳು ಮೊಟ್ಟೆಯನ್ನು ಎಲೆಯ ಚರ್ಮದ ಅಡಿಯಲ್ಲೇ ಇಡುತ್ತದೆ, ಹೊಸದು ಆಳದಲ್ಲಿ ಇಡುತ್ತದೆ. ಕಣಜಕ್ಕೆ ಹಳೆಯದೇ ಸುಲಭವಾಗಿ ಸಿಕ್ಕಿತು. ಹೊಸ ಹುಳುವೂ ಒಂದಷ್ಟು ಸಿಗುತ್ತಿದ್ದುದರಿಂದ ಕಣಜಗಳ ಸಂಖ್ಯೆ ಏರಿತು, ಆ ಹೆಚ್ಚಿದ ಕಣಜಗಳ ಹೊಡೆತವೆಲ್ಲ ಹಳೆಯ ಹುಳುವಿನ ಮೇಲೆ ಬಿತ್ತು. ಹಳೆಯದು ಕುಸಿಯಿತು, ಹೊಸದು ತೋಟ ಹಿಡಿಯಿತು.

ಅದೇ ಕ್ಯಾಲಿಫೋರ್ನಿಯಾದಲ್ಲಿ 1990ರ ದಶಕದಲ್ಲಿ ಹುಳುಗಳ ಪೈಪೋಟಿಯನ್ನು ಒಳ್ಳೆಯದಕ್ಕೆ ಬಳಸಲೂ ನೋಡಿದರು. ದ್ರಾಕ್ಷಿಯಲ್ಲಿ ಹೆಚ್ಚು ಹಾನಿ ಮಾಡದ ಒಂದು ನುಸಿಯನ್ನು ಬೇಸಿಗೆಗೆ ಮುನ್ನವೇ ಬಳ್ಳಿಗೆ ಬಿಟ್ಟರು. ಅದು ಇದ್ದ ಬಳ್ಳಿಗಳಲ್ಲಿ ಹೆಚ್ಚು ಹಾನಿ ಮಾಡುವ ಇನ್ನೊಂದು ನುಸಿ ಕಡಿಮೆಯಾಯಿತು. ಮಕ್ಕಳಿಗೆ ಲಸಿಕೆ ಹಾಕಿಸಿದ ಹಾಗೆ. ತಿಕೋಟಾ, ಬಬಲೇಶ್ವರ, ಅಥಣಿ ಕಡೆಯ ದ್ರಾಕ್ಷಿ ಬೆಳೆಗಾರರು ಇದನ್ನು ನಾಳೆಯೇ ಮಾಡಲಿ ಎಂದು ನಾನು ಹೇಳುತ್ತಿಲ್ಲ. ನಮ್ಮ ನುಸಿಗಳು ಬೇರೆ, ಹವೆಯೂ ಬೇರೆ. ಆದರೆ ಬಳ್ಳಿಯ ಮೇಲೆ ಕಂಡ ಪ್ರತಿ ಹುಳುವೂ ಒಂದೇ ತೂಕದ ಶತ್ರುವಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ಈ ಮಿತ್ರ ಕೀಟಗಳ ಬಲ ನಮ್ಮ ಕಬ್ಬಿನವರಿಗೆ ಹೊಸದಲ್ಲ. 2002ರಲ್ಲಿ ಸಾಂಗ್ಲಿ ಭಾಗದಲ್ಲಿ ಶುರುವಾದ ಬಿಳಿ ಉಣ್ಣೆ ಹೇನು ಬೆಳಗಾವಿ, ಬಾಗಲಕೋಟೆಯ ಕಬ್ಬಿಗೂ ಹಬ್ಬಿತು. ಎಲೆಯ ಅಡಿ ಹಿಟ್ಟು ಚೆಲ್ಲಿದಂತೆ ಬೆಳ್ಳಗೆ, ಮೇಲೆ ಅಂಟು, ಅದರ ಮೇಲೆ ಕಪ್ಪು ಬೂಷ್ಟು. ಕೊನೆಗೆ ಅದನ್ನು ಹಿಡಿತಕ್ಕೆ ತಂದದ್ದರಲ್ಲಿ ಡೈಫಾ, ಮೈಕ್ರೋಮಸ್ ಎಂಬ ಹೇನು ತಿನ್ನುವ ಕೀಟಗಳ ಪಾಲು ದೊಡ್ಡದು. ಆ ಕೀಟಗಳಿದ್ದ ಎಲೆ ತುಂಡುಗಳನ್ನು ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ ಒಯ್ದು ಕಟ್ಟಿದವರು ಇಂದಿಗೂ ನಮ್ಮ ನಡುವೆ ಇದ್ದಾರೆ.

## ಔಷಧ ಹೊಡೆದಾಗ ಆಟ ತಿರುಗುವುದು

ಪೈಪೋಟಿಯಲ್ಲಿ ಗೆಲ್ಲುವವರು ಯಾವಾಗಲೂ ಗೆಲ್ಲುತ್ತಾರೆ ಅಂತಿಲ್ಲ. ಸನ್ನಿವೇಶ ಬದಲಾದರೆ ಗೆಲುವೂ ಬದಲಾಗುತ್ತದೆ.

ಟೊಮ್ಯಾಟೊ, ಮೆಣಸಿನಕಾಯಿ, ಹತ್ತಿ ಎಲ್ಲಕ್ಕೂ ಬರುವ ಬಿಳಿನೊಣವನ್ನೇ ತೆಗೆದುಕೊಳ್ಳಿ. ನೋಡಲು ಒಂದೇ ಥರ ಇರುವ ಹಲವು ಬಗೆಗಳು ಅದರಲ್ಲಿವೆ. ಚೀನಾದಲ್ಲಿ 'ಬಿ' ಎಂಬ ಬಗೆ ಮೊದಲು ಹರಡಿತ್ತು. 2003ರಲ್ಲಿ 'ಕ್ಯೂ' ಎಂಬ ಬಗೆ ಸಿಕ್ಕಿತು. ಔಷಧವಿಲ್ಲದೆ ಎರಡನ್ನೂ ಒಟ್ಟಿಗೆ ಸಾಕಿದರೆ ಬಿ ಗೆಲ್ಲುತ್ತಿತ್ತು. ಆದರೆ ಹೊಲದಲ್ಲಿ ಕೆಲವೇ ವರ್ಷಗಳಲ್ಲಿ ಕ್ಯೂ ಮುಂದೆ ಬಂತು. ಕಾರಣ, ಬಿಳಿನೊಣಕ್ಕೆ ಎಲ್ಲರೂ ಹೊಡೆಯುತ್ತಿದ್ದ ನಿಯೋನಿಕೋಟಿನಾಯ್ಡ್ ಗುಂಪಿನ ಔಷಧವನ್ನು ಕ್ಯೂ ಹೆಚ್ಚು ತಡೆದುಕೊಳ್ಳುತ್ತಿತ್ತು. ಪ್ರತಿ ಸಲ ಪಂಪು ಹೆಗಲಿಗೇರಿದಾಗ ಬಲವಾದ ಪೈಪೋಟಿದಾರ ಸತ್ತು, ಔಷಧಕ್ಕೆ ಬಗ್ಗದವನಿಗೆ ದಾರಿ ಬಿಟ್ಟುಕೊಟ್ಟಂತಾಯಿತು.

ಒಂದು ಔಷಧ ಎರಡು ವರ್ಷ ಕೆಲಸ ಮಾಡಿ ಮೂರನೆಯ ವರ್ಷ ಕೈಕೊಟ್ಟರೆ ನಾವು ಅಂಗಡಿಯವರನ್ನೋ ಡಬ್ಬಿಯನ್ನೋ ಅನುಮಾನಿಸುತ್ತೇವೆ. ಹುಳುವೇ ಬೇರೆಯಾಗಿರಬಹುದು ಎಂಬ ಯೋಚನೆ ಬರುವುದು ಕಡಿಮೆ.

ಔಷಧಕ್ಕೆ ಮುನ್ನ ಹತ್ತು ನಿಮಿಷ ಹೊಲದಲ್ಲಿ ಅಡ್ಡಾಡಿ ಯಾವ ಹುಳು, ಎಷ್ಟು ಗಿಡದಲ್ಲಿ ಎಂದು ಎಣಿಸಿ ನೋಡಲು ಕೃಷಿ ವಿಜ್ಞಾನಿಗಳು ಹೇಳುವುದು ಇದಕ್ಕೇ. ಮೋಹಕ ಬಲೆ ಹಾಕಿದವರೂ ಒಂದು ವಿಷಯ ಗಮನಿಸಬೇಕು. ಬಲೆಯೊಳಗಿನ ಗುಳಿಗೆ ಒಂದು ಜಾತಿಯ ಹೆಣ್ಣಿನ ವಾಸನೆಯದ್ದು. ಸೈನಿಕ ಹುಳುವಿನ ಗುಳಿಗೆ ಹಾಕಿದ ಬಲೆಯಲ್ಲಿ ಕಾಂಡಕೊರಕದ ಚಿಟ್ಟೆ ಬಿದ್ದಿಲ್ಲ ಅಂದಮಾತ್ರಕ್ಕೆ ಹೊಲದಲ್ಲಿ ಕಾಂಡಕೊರಕ ಇಲ್ಲ ಅಂತ ಅರ್ಥ ಅಲ್ಲ.

## ಆ ಹಳೆಯ ಹುಳು ಎಲ್ಲಿ ಹೋಯಿತು?

ಯಜಮಾನರ ಪ್ರಶ್ನೆಗೆ ಮರಳೋಣ. ಕಾಂಡಕೊರಕದ ಹಿಂದಿನ ಚರಿತ್ರೆ ಕೇಳಿದರೆ ಅವರಿಗೆ ಆಶ್ಚರ್ಯ ಆಯಿತು. ಇದೇ ಚುಕ್ಕೆ ಕಾಂಡಕೊರಕ 1930ರ ಸುಮಾರಿಗೆ ಏಷ್ಯಾದಿಂದ ಆಫ್ರಿಕಾಕ್ಕೆ ಹೋಗಿತ್ತು. ಅಲ್ಲಿನ ಕೆಲವು ಪ್ರದೇಶಗಳಲ್ಲಿ ಸ್ಥಳೀಯ ಕಾಂಡಕೊರಕಗಳನ್ನು ಹಿಂದೆ ಹಾಕಿತು. ಅದರ ಪೀಳಿಗೆ ಬೇಗ ಮುಗಿಯುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ನೋಡಿದಾಗ, ಚಳಿಗಾಲದ ನಿದ್ದೆಯಿಂದ ಸ್ಥಳೀಯ ಹುಳುವಿಗಿಂತ ಸುಮಾರು ಒಂದು ತಿಂಗಳು ಮೊದಲೇ ಏಳುತ್ತಿತ್ತು. ಹೊಸ ಗಿಡದ ಮೇಲೆ ಮೊದಲು ಟವೆಲ್ ಹಾಕುತ್ತಿದ್ದುದು ಅದೇ. ಅಲ್ಲಿ ದಾಳಿ ಮಾಡಿದ ಹುಳುವೇ ಇಲ್ಲಿ ತನ್ನ ಸ್ವಂತ ನೆಲದಲ್ಲಿ ಅಮೆರಿಕದಿಂದ ಬಂದವನ ಎದುರು ಸುಳಿ ಬಿಟ್ಟುಕೊಡುತ್ತಿದೆ.

ಪೂರ್ತಿ ಸೋತಿಲ್ಲ. ಸೈನಿಕ ಹುಳು ಹೆಚ್ಚಾಗಿ ಸುಳಿಯಲ್ಲೇ ಉಳಿಯುತ್ತದೆ, ಕಾಂಡಕೊರಕ ಬಲಿತ ಮೇಲೆ ಕಾಂಡಕ್ಕೆ ಇಳಿಯುತ್ತದೆ. ಮರಿ ಇದ್ದಾಗಿನ ಆ ಕೆಲವು ದಿನ ದಾಟಿದರೆ ಇಬ್ಬರ ಮನೆಯೂ ಬೇರೆ. ಇನ್ನೊಂದು ವ್ಯತ್ಯಾಸವೂ ಇದೆ. ಸೈನಿಕ ಹುಳುವಿಗೆ ದೀರ್ಘ ನಿದ್ದೆ ಗೊತ್ತಿಲ್ಲ, ವರ್ಷವಿಡೀ ಎಲ್ಲಾದರೂ ಹಸಿರು ಬೇಕೇ ಬೇಕು. ಕಾಂಡಕೊರಕದ ಮರಿ ಹಾಗಲ್ಲ. ಬೆಳೆ ಕೊಯ್ದ ಮೇಲೆ ಒಣ ದಂಟಿನೊಳಗೆ ಏನೂ ತಿನ್ನದೆ ತಿಂಗಳುಗಟ್ಟಲೆ ಮಲಗಬಲ್ಲದು.

ಹೊರಡುವ ಮುಂಚೆ ನಾವು ಹೊಲದ ಬದುವಿನಲ್ಲಿ ಒಣಗಿದ ಸುಳಿಯ ಒಂದು ಗಿಡ ಕಿತ್ತು ಕುಡಗೋಲಿನಿಂದ ಕಾಂಡ ಸೀಳಿದೆವು. ಬುಡದ ಹತ್ತಿರ ಕಂದು ತಲೆಯ, ಬೆನ್ನ ಮೇಲೆ ಚುಕ್ಕೆ ಸಾಲಿದ್ದ ಬೆಳ್ಳಗಿನ ಹುಳು ಇತ್ತು. ಯಜಮಾನರು ಅದನ್ನು ಅಂಗೈ ಮೇಲೆ ಇಟ್ಟುಕೊಂಡು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಮನೆಯ ದಿಕ್ಕಿಗೆ ಕೈ ಮಾಡಿ ಕೇಳಿದರು: "ಹಂಗಾರ ಹಿತ್ತಲದಾಗ ಹೋದ ವರ್ಷದ ಕಣಕಿ ಬಣವಿ ಐತಲ್ರೀ, ಅದರಾಗೂ ಇರ್ತಾವೇನ್ರೀ?"

ಇರುತ್ತವೆ ಎಂದೆ. ಇಬ್ಬರೂ ಬಣವೆಯ ಕಡೆ ನಡೆದೆವು.